ವೀಣೆಯ ಜೊತೆಗೆ ಪ್ಯೂರ್ ಡೇಟಾ

ವೀಣೆಯ ನೇರವಾದನವನ್ನೂ ಎಲೆಕ್ಟ್ರಾನಿಕ್ ನಾದವನ್ನೂ ಒಂದೇ ರಚನೆಯಲ್ಲಿ ಬೆಸೆಯಬೇಕೆಂಬ ಆಸೆಯಿಂದ ಎರಡು ವರ್ಷಗಳಿಂದ ಪ್ಯೂರ್ ಡೇಟಾ ಎಂಬ, ಕಂಪ್ಯೂಟರಿನಲ್ಲಿ ನಾದವನ್ನು ಕಟ್ಟುವ ತಂತ್ರಾಂಶವನ್ನು ಬಳಸುತ್ತಿದ್ದೇನೆ. 1980ರ ದಶಕದಲ್ಲಿ ಪ್ಯಾರಿಸ್ಸಿನ ಇರ್ಕಾಮ್ ಎಂಬ ಸಂಗೀತ ಸಂಶೋಧನಾ ಸಂಸ್ಥೆಯಲ್ಲಿ ಇದೇ ಬಗೆಯ ಮ್ಯಾಕ್ಸ್ ತಂತ್ರಾಂಶವನ್ನು ಬರೆದ ಮಿಲ್ಲರ್ ಪಕೆಟ್ ಅವರೇ ಮುಂದಿನ ದಶಕದಲ್ಲಿ ಇದನ್ನು ಮುಕ್ತವಾಗಿ, ಉಚಿತವಾಗಿ ಹೊರತಂದರು. ಸಾಧಾರಣ ಲ್ಯಾಪ್‌ಟಾಪಿನಲ್ಲೂ ಇದು ಚೆನ್ನಾಗಿ ನಡೆಯುತ್ತದೆ.

ಇದನ್ನು ನಾನು ಮೆಚ್ಚಿದ್ದು ಗಮಕದ, ಅಂದರೆ ಸ್ವರವನ್ನು ತೂಗಿಸಿ ಜಾರಿಸುವ ಬಗೆಯ, ಕಾರಣಕ್ಕೆ. ಕೀಬೋರ್ಡನ್ನು ಆಧರಿಸಿದ ಸಾಧನಗಳಲ್ಲಿ ಸ್ಥಾಯಿಯೊಂದಕ್ಕೆ ಹನ್ನೆರಡೇ ಮೆಟ್ಟಿಲುಗಳಿರುವುದರಿಂದ ತೋಡಿ ರಾಗದ ತೂಗಾಡುವ ಗಾಂಧಾರ ಅವುಗಳಿಗೆ ಸುಲಭವಾಗಿ ಒಗ್ಗುವುದಿಲ್ಲ. ಪ್ಯೂರ್ ಡೇಟಾದ ಸಿಗ್ಮಂಡ್ ಎಂಬ ಘಟಕವಾದರೋ ತಂತಿಯ ಶ್ರುತಿಯನ್ನು ದಶಮಾಂಶದೊಂದಿಗೆ ಅಳೆಯುತ್ತದೆ. ಕೀಬೋರ್ಡಿನ ಪ್ರತಿ ಮೆಟ್ಟಿಲಿಗೂ ಒಂದೊಂದು ಸಂಖ್ಯೆಯಿದ್ದು, 60 ಮತ್ತು 61ರ ನಡುವೆ 60.4 ಕೂಡ ಅದಕ್ಕೆ ಒಂದು ಸ್ವರವೇ. ಹಾಗಾಗಿ ಎಡಗೈ ತಂತಿಯನ್ನು ಎಳೆದಷ್ಟೂ ಜೊತೆಯ ಎಲೆಕ್ಟ್ರಾನಿಕ್ ನಾದವೂ ಬಾಗುತ್ತದೆ. ಪ್ರತಿಧ್ವನಿಯ ವಿಳಂಬವನ್ನು ನಿಧಾನವಾಗಿ ಬದಲಿಸಿದರೆ ಅದರ ಶ್ರುತಿಯೂ ಜರುಗಿ, ಜಾರು ಗಮಕವನ್ನು ನೆನಪಿಸುವ ನಾದವೊಂದು ಹುಟ್ಟುತ್ತದೆ. ಅದನ್ನು ಮೊದಲ ಬಾರಿ ಕೇಳಿದ ಸಂಜೆ ನನಗೆ ಇಂದಿಗೂ ಮರೆತಿಲ್ಲ.

ಆದರೆ ಅಳತೆಗೆ ಸಮಯ ಬೇಕು. ಕಂಪ್ಯೂಟರು ನಾದವನ್ನು ಮಾದರಿಗಳೆಂಬ ಸಣ್ಣ ಸಣ್ಣ ಅಳತೆಗಳಾಗಿ ದಾಖಲಿಸುತ್ತದೆ; ಸೆಕೆಂಡಿಗೆ 44,100 ಮಾದರಿಗಳ ವೇಗದಲ್ಲಿ, ಸಿಗ್ಮಂಡ್ ಸಾಮಾನ್ಯವಾಗಿ ನೋಡುವ 1,024 ಮಾದರಿಗಳೆಂದರೆ ಸುಮಾರು 23 ಮಿಲಿಸೆಕೆಂಡು. ಅತಿ ಕೆಳಗಿನ ಶ್ರುತಿಯ ಅನುಮಂದ್ರದ ತಂತಿಗೆ ಅಷ್ಟು ಸಾಲದೆ 2,048ಕ್ಕೆ ಏರಿಸಿದರೆ ಕಾಯುವಿಕೆಯೂ ಇಮ್ಮಡಿಯಾಗುತ್ತದೆ. ಇದನ್ನು ದೋಷವೆಂದು ಎಣಿಸದೆ ರಚನೆಯೊಳಕ್ಕೇ ತಂದುಕೊಂಡೆ: ನಿಧಾನವಾದ ಆಲಾಪನೆಯಲ್ಲಿ ಶ್ರುತಿಯೂ, ಚುರುಕಾದ ಮೀಟುಗಳ ತಾನದಲ್ಲಿ ಮೀಟಿನ ಬಲವೂ ಎಲೆಕ್ಟ್ರಾನಿಕ್ಸನ್ನು ನಡೆಸುತ್ತವೆ. ವೀಣೆಯ ಪಕ್ಕದಲ್ಲಿರುವ ತಾಳದ ತಂತಿಗಳ ಅನುರಣನ ಶ್ರುತಿಯ ಅಳತೆಯನ್ನು ಕದಡುವುದರಿಂದ ಆಲಾಪನೆಯ ಭಾಗದಲ್ಲಿ ಅವುಗಳ ನಡುವೆ ತೆಳ್ಳನೆಯ ಬಟ್ಟೆಯ ಪಟ್ಟಿಯನ್ನು ಸೇರಿಸುತ್ತೇನೆ. ವೀಣೆಯ ನಾದಕ್ಕೆ ಇದು ನಷ್ಟವೇ, ಮತ್ತು ಆ ನಷ್ಟ ನನಗೆ ನೋವುಂಟುಮಾಡುತ್ತದೆ.

ಪ್ಯೂರ್ ಡೇಟಾದಲ್ಲಿ ಹೊಸ ಕಡತವನ್ನು ತೆರೆದ ಕೂಡಲೇ ಕಾಣುವುದು ಖಾಲಿ ಬಿಳಿ ಹಾಳೆ ಮಾತ್ರ. ಸಿದ್ಧ ನಾದಗಳಿಲ್ಲ, ಅಲಂಕಾರವಿಲ್ಲ. ಪೆಟ್ಟಿಗೆಗಳನ್ನು ಗೆರೆಗಳಿಂದ ಜೋಡಿಸುತ್ತ ಎಲ್ಲವನ್ನೂ ನಾವೇ ಕಟ್ಟಬೇಕು. ಹಣ ಕೊಟ್ಟು ಕೊಳ್ಳಬೇಕಾದ ಮ್ಯಾಕ್ಸ್ ನೋಟಕ್ಕೂ ಸೌಕರ್ಯಕ್ಕೂ ಖಂಡಿತ ಮೇಲು. ಆದರೆ ಪ್ಯೂರ್ ಡೇಟಾದ ಕಡತಗಳು ಸರಳ ಪಠ್ಯವಾಗಿರುವುದರಿಂದ, ಇಂದು ಬರೆದ ರಚನೆಯನ್ನು ಹಲವು ವರ್ಷಗಳ ನಂತರವೂ ಬೇರೊಬ್ಬ ವೈಣಿಕರು ತೆರೆದು ಓದಬಲ್ಲರೆಂಬ ಭರವಸೆ ನನಗಿದೆ.

ಹೊಸದಾಗಿ ತೊಡಗುವವರು ಒಂದು ಮೈಕ್, ಒಂದು ಪ್ರತಿಧ್ವನಿ, ತಮಗೆ ಚೆನ್ನಾಗಿ ಗೊತ್ತಿರುವ ಒಂದು ರಾಗ, ಇಷ್ಟನ್ನೇ ಇಟ್ಟುಕೊಂಡು ಮೊದಲ ತಿಂಗಳು ನುಡಿಸಲಿ. ಹೆಡ್‌ಫೋನ್ ಹಾಕಿಕೊಳ್ಳದಿದ್ದರೆ ಸ್ಪೀಕರಿನ ನಾದ ಮತ್ತೆ ಮೈಕನ್ನು ಹೊಕ್ಕು ಕಿರುಚಬಹುದು.