ಕಡಲ ದಡದಿಂದ ಬಂದ ಲೆನ್ಸಿಗೆ ಮೊದಲೇ ಸ್ಪಿರಿಟ್ ಹಾಕಬೇಡಿ

ಮಂಜೇಶ್ವರದ ಕಣ್ವತೀರ್ಥದಲ್ಲಿ ಸಂಜೆ ಹೊತ್ತು ಮದುವೆ ಜೋಡಿಯ ಫೋಟೋ ತೆಗೆದು ಬಂದ ಕ್ಯಾಮೆರಾ ಲೆನ್ಸ್. ಮುಂದಿನ ಗಾಜಿನ ಮೇಲೆ ತೆಳ್ಳಗೆ ಬಿಳಿ ಪೊರೆ. ಗಾಳಿ ಊದುವ ರಬ್ಬರ್ ಬ್ಲೋವರ್ ಒತ್ತಿದ್ದಾಯಿತು, ಹೊಸ ಮೈಕ್ರೋಫೈಬರ್ ಬಟ್ಟೆಗೆ ಎರಡು ಹನಿ ಐಸೊಪ್ರೊಪೈಲ್ ಸ್ಪಿರಿಟ್ ಹಾಕಿ ಸುತ್ತಲೂ ಒರೆಸಿದ್ದಾಯಿತು. ಪೊರೆ ಜಾರಾಡಿತೇ ಹೊರತು ಹೋಗಲಿಲ್ಲ. ಸ್ವಲ್ಪ ಒತ್ತಿ ಉಜ್ಜಿದಾಗ ಹೋಯಿತು. ಮರುದಿನ ಟಾರ್ಚನ್ನು ಓರೆಯಾಗಿ ಹಿಡಿದರೆ ಗಾಜಿನ ತುಂಬ ಕೂದಲೆಳೆಯಂಥ ಕಮಾನು ಗೀರುಗಳು.

ಬಟ್ಟೆಯೂ ಒಳ್ಳೆಯದೇ, ದ್ರವವೂ ಒಳ್ಳೆಯದೇ. ಕೆಟ್ಟದ್ದು ಅನುಕ್ರಮ.

ಅಡುಗೆ ಉಪ್ಪು ನೀರಿನಲ್ಲಿ ಕರಗುತ್ತದೆ, ಐಸೊಪ್ರೊಪೈಲಿನಲ್ಲಿ ಕರಗುವುದಿಲ್ಲ ಎಂದೇ ಹೇಳಬಹುದು. ಹಾಗೆಂದು ಉಪ್ಪೇ ಗಾಜನ್ನು ಗೀರಿತು ಅಂದುಕೊಳ್ಳಬೇಡಿ. ಉಪ್ಪಿನ ಗಡಸುತನ ಮೋಸ್ ಅಳತೆಯಲ್ಲಿ (1ರಿಂದ 10) ಸುಮಾರು 2.5, ಗಾಜಿನದು 5.5ರ ಆಸುಪಾಸು. ಗೀರುವುದು ಮರಳು. ಅದರಲ್ಲಿರುವ ಕ್ವಾರ್ಟ್ಸ್ 7. ಅಲೆಯ ತುಂತುರು ಒಣಗಿದಾಗ ಉಪ್ಪು ಅಂಟಿನ ಹಾಗೆ ಮರಳಿನ ಕಣಗಳನ್ನು ಗಾಜಿಗೆ ಕಚ್ಚಿ ಹಿಡಿಯುತ್ತದೆ, ಹಾಗಾಗಿ ಬ್ಲೋವರಿನ ಗಾಳಿಗೆ ಅವು ಏಳುವುದಿಲ್ಲ. ಸ್ಪಿರಿಟ್ ಆ ಅಂಟನ್ನು ಬಿಡಿಸದು. ಕೊನೆಗೆ ಬಿಡಿಸುವುದು ನಮ್ಮ ಬೆರಳಿನ ಒತ್ತಡ, ಬಿಟ್ಟ ಕಣ ಬಟ್ಟೆಯ ಜೊತೆ ಗಾಜಿನ ಮೇಲೆಲ್ಲ ಸುತ್ತು ಹಾಕುತ್ತದೆ. ಗಾಜಿನ ಮೇಲೆ ಪ್ರತಿಫಲನ ತಡೆಯಲು ಹಾಕಿದ ಕೋಟಿಂಗಿನ ಒಂದೊಂದು ಪದರ 100 ನ್ಯಾನೊಮೀಟರಿನ ಆಸುಪಾಸು ದಪ್ಪ. ತಾಳಿಕೊಳ್ಳಲು ಅಲ್ಲಿ ಏನೂ ಇಲ್ಲ.

ಬೇಕಲ, ಕುಂಬಳೆ, ಕಣ್ವತೀರ್ಥ, ಎಲ್ಲಿಂದ ಬಂದರೂ ಮೊದಲು ನೀರು. ಬಾವಿ ನೀರಲ್ಲ, ಅದು ಒಣಗಿದ ಮೇಲೆ ಕಲೆ ಉಳಿಸುತ್ತದೆ. ಡಿಸ್ಟಿಲ್ಡ್ ವಾಟರ್ ಬೇಕು. ಮೆಡಿಕಲ್ ಶಾಪಿನಲ್ಲಿ ಇಂಜೆಕ್ಷನ್ ಕಲಸುವ ಸ್ಟೆರೈಲ್ ವಾಟರ್ 5 ಅಥವಾ 10 ಮಿ.ಲೀ. ಪ್ಲಾಸ್ಟಿಕ್ ಕೊಳವೆಯಲ್ಲಿ ಸಿಗುತ್ತದೆ, ಬ್ಯಾಗಿನಲ್ಲಿ ಎರಡು ಇದ್ದರೆ ಸಾಕು. ಚೀಟಿ ಓದಿಯೇ ತನ್ನಿ: ಪಕ್ಕದಲ್ಲೇ ಇರುವ ಅದೇ ತರದ ಕೊಳವೆ ಸಲೈನ್ ಆಗಿದ್ದರೆ ಅದರಲ್ಲಿ 0.9 ಶೇಕಡಾ ಉಪ್ಪು! ಉಪ್ಪು ತೆಗೆಯಲು ಉಪ್ಪುನೀರು ಹಾಕಿದ ಹಾಗಾದೀತು.

ಗಾಜನ್ನು ಕೆಳಮುಖ ಮಾಡಿ ಬ್ಲೋವರಿನಿಂದ ಹತ್ತು ಹದಿನೈದು ಸಲ ಗಾಳಿ ಹಾಯಿಸಿ, ಬಿಡುವ ಕಣ ಹೊರಗೆ ಬೀಳಲಿ. ಬಾಯಿಯಿಂದ ಊದಬೇಡಿ, ಉಗುಳು ಹಾರುತ್ತದೆ. ಆಮೇಲೆ ಲೆನ್ಸ್ ಟಿಶ್ಯೂವನ್ನು ಮಡಚಿ ಮೂರು ನಾಲ್ಕು ಹನಿ ನೀರು ಹಾಕಿ; ಒದ್ದೆಯಾಗಬೇಕು, ತೊಟ್ಟಿಕ್ಕಬಾರದು. ಅದನ್ನು ಗಾಜಿನ ಮೇಲೆ ಸುಮ್ಮನೆ ಇಡಿ. ಒತ್ತಬೇಡಿ, ಎಳೆಯಬೇಡಿ. ಅರ್ಧ ನಿಮಿಷ ಬಿಟ್ಟು ನೇರ ಮೇಲಕ್ಕೆ ಎತ್ತಿ ಎಸೆಯಿರಿ. ಹೊಸ ಟಿಶ್ಯೂವಿನಲ್ಲಿ ಇನ್ನೆರಡು ಸಲ ಹೀಗೇ. ಉಪ್ಪು ಟಿಶ್ಯೂವಿಗೆ ಬಂತು, ಅದರ ಜೊತೆ ಹೆಚ್ಚಿನ ಮರಳೂ ಬಂತು. ಮತ್ತೊಮ್ಮೆ ಬ್ಲೋವರ್. ಒರೆಸುವುದು ಆಮೇಲೆ: ನಡುವಿನಿಂದ ಅಂಚಿಗೆ ಸುರುಳಿಯಾಗಿ, ಟಿಶ್ಯೂವಿನ ಭಾರವೇ ಒತ್ತಡ ಅನ್ನುವಷ್ಟು ಹಗುರಾಗಿ, ಒಂದು ಸುತ್ತಿಗೆ ಒಂದು ಹೊಸ ಮಗ್ಗುಲು. ಕೊನೆಗೆ ಉಳಿಯುವ ಜಿಡ್ಡಿಗೆ ಮಾತ್ರ 99 ಶೇಕಡಾ ಐಸೊಪ್ರೊಪೈಲ್, ಎರಡು ಹನಿ.

ದ್ರವ ಯಾವತ್ತೂ ಟಿಶ್ಯೂವಿನ ಮೇಲೆ, ಗಾಜಿನ ಮೇಲಲ್ಲ. ಗಾಜಿಗೂ ಹೆಸರು ಬರೆದ ಉಂಗುರಕ್ಕೂ ನಡುವೆ ಕಾಣದಷ್ಟು ಸಂದು ಇರುತ್ತದೆ. ಅಲ್ಲಿಗೆ ಇಳಿದ ಹನಿ ಒಳಗಿನ ಗಾಜಿಗೆ ಹರಡುತ್ತದೆ, ಮಳೆಗಾಲದ ಆಟಿ ತಿಂಗಳಲ್ಲಿ ಅಲ್ಲೇ ಬೂಸಲು ಹಿಡಿಯುತ್ತದೆ.

ದೈವಾರಾಧನೆಯ ಕೋಲ, ತೆಯ್ಯಂ ಮುಗಿಸಿ ಬಂದ ಲೆನ್ಸಿಗೆ ಲೆಕ್ಕ ಉಲ್ಟಾ. ಸೂಟೆಯ (ಒಣ ತೆಂಗಿನ ಗರಿಯ ಪಂಜು) ಹೊಗೆ, ಎಣ್ಣೆಯ ಮಸಿ, ಅರಸಿನ ಪುಡಿ. ಎಣ್ಣೆಗೆ ನೀರು ನಾಟುವುದಿಲ್ಲ, ಇಲ್ಲಿ ಐಸೊಪ್ರೊಪೈಲೇ ಮೊದಲು, ಆದರೆ ಪುಡಿ ಪೂರ್ತಿ ಊದಿ ಹೋದ ಮೇಲೆ. ಬೂದಿಯಲ್ಲೂ ಗರಸು ಕಣ ಇರುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಕೆಂಪು ಧೂಳು ಮಾತ್ರ ಹಿಡಿದಿದ್ದರೆ ಬ್ಲೋವರ್ ಮತ್ತು ಮೆದು ಬ್ರಷ್ ಸಾಕು. ಬ್ರಷ್ಷಿನ ಕೂದಲನ್ನು ಬೆರಳಿನಿಂದ ಮುಟ್ಟಿದರೆ ಕೈಯ ಜಿಡ್ಡು ಗಾಜಿಗೆ ಹೋಗುತ್ತದೆ.

ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಗ್ಲಿಸರಿನ್ ಪೊರೆ ಕಟ್ಟುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನ್ ಪ್ಲಾಸ್ಟಿಕ್ ಉಂಗುರವನ್ನೂ ಅಕ್ಷರದ ಬಣ್ಣವನ್ನೂ ತಿನ್ನುತ್ತದೆ. ಮುಂಡಿನ ತುದಿ, ಅಂಗಿಯ ಅಂಚು ಬಗ್ಗೆ ಹೇಳಬೇಕಾಗಿಲ್ಲ, ಆದರೂ ದಡದಲ್ಲಿ ನಿಂತು ನೋಡಿ, ಎಷ್ಟೋ ಜನ ಅದೇ ಮಾಡುತ್ತಾರೆ. ಏಸಿ ಹಾಲಿನಿಂದ ಹೊರಬಂದಾಗ ಕವಿಯುವ ಮಂಜನ್ನು ಒರೆಸಲೇಬೇಡಿ, ಹೊರಡುವ ಮೊದಲೇ ಬ್ಯಾಗಿನ ಜಿಪ್ ಹಾಕಿ ಅರ್ಧ ಗಂಟೆ ಬಿಟ್ಟು ತೆರೆಯಿರಿ.

ಕಡಲಿಗೆ ಹೋಗುವಾಗ ಲೆನ್ಸಿನ ಮುಂದೆ ಯುವಿ ಫಿಲ್ಟರ್ ಗಾಜು ಇರಲಿ, ಗೀರು ಬಿದ್ದರೆ ಅದನ್ನು ಎಸೆಯಬಹುದು. ರಾತ್ರಿ ಸೂಟೆಯ ಎದುರು ಅದನ್ನು ಬಿಚ್ಚಿಡಿ, ಇಲ್ಲದಿದ್ದರೆ ಬೆಂಕಿಯ ಮಸುಕು ಪ್ರತಿಬಿಂಬ ಫ್ರೇಮಿನ ಇನ್ನೊಂದು ಮೂಲೆಯಲ್ಲಿ ತೇಲುತ್ತದೆ.

ಇನ್ನು ಆ ಗೀರು ಬಿದ್ದ ಲೆನ್ಸ್. ಬಿಸಿಲು ಬೆನ್ನಿಗಿದ್ದರೆ ಅದರ ಚಿತ್ರದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಸೂರ್ಯ ಅಥವಾ ದೀಪ ಎದುರಿಗಿದ್ದರೆ ಕಪ್ಪು ಬೂದಾಗುತ್ತದೆ, ಬೆಳಕು ಹರಡುತ್ತದೆ. ಹುಡ್ ಹಾಕಿ, ಅಂಗೈಯ ನೆರಳು ಕೊಟ್ಟು ಬಳಸಬಹುದು. ಟೂತ್‌ಪೇಸ್ಟ್ ಹಚ್ಚಿ ಗೀರು ತೆಗೆಯುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಉಳಿದ ಕೋಟಿಂಗೂ ಹೋಗುತ್ತದೆ.