ಮೀನಿನ ಫೀಡ್ ತರುವವರೇ, ಮೂಟೆ ಬಿಚ್ಚಿಸಿ ನೋಡಿ

ಕೊಡಗಿನಲ್ಲಿ ತೋಟದ ಕೆರೆಗೆ ಮೀನು ಬಿಟ್ಟಿರುವವರೆಲ್ಲ ದಯವಿಟ್ಟು ಓದಿ. ಕಳೆದ ಮಳೆಗಾಲದಲ್ಲಿ ಸೋಮವಾರಪೇಟೆ ಕಡೆಯ ನಮ್ಮ ಕೆರೆಯಲ್ಲಿ ಕಾಟ್ಲಾ, ರೋಹು ಎರಡೂ ಹಾಳಾದವು. ಕಾರಣ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಗೋದಾಮಿನಲ್ಲಿ ನೆನೆದ ಹಿಂಡಿಯನ್ನು ಒಣಗಿಸಿ, ಪುಡಿ ಮಾಡಿ, ತೌಡಿನ ಜೊತೆ ಬೆರೆಸಿ ಹೊಸ ಚೀಲದಲ್ಲಿ ನಮಗೆ ಮಾರಿದ್ದರು. ಅಲ್ಲಿ ಕೆಲಸ ಮಾಡುವವರೊಬ್ಬರು ಆಮೇಲೆ ಹೇಳಿದ್ದು ಇದು.

ಮೀನು ಒಮ್ಮೆಲೇ ಸಾಯಲಿಲ್ಲ. ಅದೇ ಇದರ ಅಪಾಯ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತವೆ, ತಕ್ಷಣ ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ. ಮೊದಲು ಮೇವು ತಿನ್ನುವುದು ಕಡಿಮೆಯಾಯಿತು. ತೂಕ ಏರಲಿಲ್ಲ. ಆಮೇಲೆ ದಿನಕ್ಕೆ ಒಂದೋ ಎರಡೋ ಸತ್ತು ತೇಲಿದವು. ಅಂಗಡಿಯವರನ್ನು ಕೇಳಿದರೆ, "ನಿಮ್ಮ ನೀರಿಂದೇ ತೊಂದರೆ ಸಾರ್, ಸುಣ್ಣ ಹಾಕಿ" ಎಂದರು. ಹಾಕಿದೆವು. ಏನೂ ಬದಲಾಗಲಿಲ್ಲ.

ಸತ್ತ ಮೀನನ್ನು ಕೊಯ್ದಾಗ ಕಿವಿರು ಬಿಳಿಚಿಕೊಂಡಿತ್ತು, ಲಿವರ್ ಹಳದಿಯಾಗಿತ್ತು. ಫೀಡನ್ನು ಲ್ಯಾಬ್‌ಗೆ ಕಳಿಸಿದೆವು. ಅದರಲ್ಲಿ ಅಫ್ಲಾಟಾಕ್ಸಿನ್ ಇತ್ತು. ಆಸ್ಪರ್‌ಜಿಲ್ಲಸ್ ಎಂಬ ಬೂಷ್ಟು ಬಿಡುವ ವಿಷ ಇದು. ಕಡಲೆಕಾಯಿ, ಹತ್ತಿಬೀಜ, ಮೆಕ್ಕೆಜೋಳದಲ್ಲಿ ಜಾಸ್ತಿ ಬರುತ್ತದೆ. ಮೊದಲು ಹೊಡೆಯುವುದು ಲಿವರ್‌ಗೆ. ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಹಾಗಾಗಿ ಬೇರೆ ಯಾವುದೋ ಸೋಂಕು ಮೇಲೆ ಬಿದ್ದು ಮೀನು ಸತ್ತರೂ ಮೂಲ ಕಾರಣ ಫೀಡೇ ಆಗಿರಬಹುದು. 1960ರಲ್ಲಿ ಅಮೆರಿಕದ ಸಾಕಣೆ ಕೇಂದ್ರಗಳಲ್ಲಿ ರೇನ್‌ಬೋ ಟ್ರೌಟ್ ಮೀನುಗಳಿಗೆ ಲಿವರ್ ಕ್ಯಾನ್ಸರ್ ಬಂದಿತ್ತು. ಅಲ್ಲೂ ಕಾರಣ ಹತ್ತಿಬೀಜದ ಹಿಂಡಿಯಲ್ಲಿದ್ದ ಇದೇ ವಿಷ.

"ಬಿಸಿಲಿಗೆ ಹಾಕಿ, ಬೇಯಿಸಿ ಕೊಡಿ, ಸರಿಹೋಗುತ್ತೆ" ಅನ್ನುವವರನ್ನು ನಂಬಬೇಡಿ. ಒಣಗಿಸಿದರೆ ಬೂಷ್ಟು ಬೆಳೆಯುವುದು ನಿಲ್ಲಬಹುದು, ಆಗಲೇ ಸೇರಿದ ವಿಷ ಹೋಗುವುದಿಲ್ಲ. ಮಾಮೂಲಿ ಅಡುಗೆಯ ಬಿಸಿಗೂ ಅದು ಅಳಿಯುವುದಿಲ್ಲ. ಕಣ್ಣಿಗೆ ಬೂಷ್ಟು ಕಾಣದಿದ್ದರೂ ವಿಷ ಇರಬಹುದು. ನಮಗೆ ಆದದ್ದೇ ಅದು. ಪುಡಿ ಮಾಡಿದ್ದರಿಂದ ಗಂಟು, ಹಸಿರು ಬಣ್ಣ ಯಾವುದೂ ಕಾಣಲಿಲ್ಲ.

ಆದ್ದರಿಂದ ಪುಡಿ ಮಾಡಿದ ಹಿಂಡಿ ಬೇಡ, ಇಡೀ ಬಿಲ್ಲೆಯನ್ನೇ ಕೇಳಿ, ಮುರಿದು ಒಳಗೆ ನೋಡಿ. ಮುಗ್ಗಲು ವಾಸನೆ ಇದ್ದರೆ ಅಲ್ಲೇ ವಾಪಸ್ ಕೊಡಿ. ಕಾರ್ಖಾನೆ ಫೀಡ್ ಆದರೆ ತಯಾರಾದ ತಾರೀಖು ನೋಡಿ, ಹೊಲಿಗೆ ಬಿಚ್ಚಿ ಮತ್ತೆ ಹಾಕಿದ ಚೀಲ ಮುಟ್ಟಬೇಡಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಮುಂಚೆಯೇ ರಾಶಿ ತಂದಿಡಬೇಡಿ. ನಮ್ಮ ಕೊಡಗಿನ ಥಂಡಿಯಲ್ಲಿ ಒಳ್ಳೆ ಫೀಡೂ ಮುಗ್ಗುತ್ತದೆ. ಬೇಕಾದಷ್ಟೇ ತಂದು, ಮರದ ಹಲಗೆ ಮೇಲೆ, ಗೋಡೆಗೆ ತಾಗದಂತೆ ಇಡಿ.

ಬಿಲ್ ಕೇಳಿ ಪಡೆಯಿರಿ. ನಮ್ಮ ಕೈಯಲ್ಲಿ ಬರೀ ಚೀಟಿ ಇತ್ತು. ಅಂಗಡಿಯವರು ಅದು ತಮ್ಮ ಮಾಲೇ ಅಲ್ಲ ಎಂದುಬಿಟ್ಟರು. ಪ್ರತಿ ಲೋಡಿನಿಂದ ಒಂದು ಹಿಡಿ ತೆಗೆದು ತಾರೀಖು ಬರೆದು ಒಣ ಡಬ್ಬಿಯಲ್ಲಿ ಇಟ್ಟುಕೊಳ್ಳಿ.

ಕೆಟ್ಟ ಹಿಂಡಿ ಉಳಿದಿದ್ದರೆ ದನಕ್ಕೆ, ಕೋಳಿಗೆ ಹಾಕಬೇಡಿ. ಹಸು ತಿಂದರೆ ವಿಷ ಹಾಲಿಗೂ ಬರುತ್ತದೆ, ಅದನ್ನು ಕುಡಿಯುವವರು ನಮ್ಮ ಮಕ್ಕಳೇ ಅಲ್ವಾ? ಕೆರೆ, ತೋಡಿನಿಂದ ದೂರ ಗುಂಡಿ ತೆಗೆದು ಹೂತುಬಿಡಿ.