ಟ್ರ್ಯಾಕ್ ಡೇಗೆ ಅಂತ ತಗೊಂಡ 2008ರ ಸ್ವಿಫ್ಟ್ ಪೆಟ್ರೋಲು: ದಾವಣಗೆರೆಯವನ ಮೂರು ವರ್ಷದ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ನಾನು ರೇಸರ್ ಗೀಸರ್ ಏನಲ್ಲ. ಹದಡಿ ರೋಡಲ್ಲಿ ಹಾರ್ಡ್‌ವೇರ್ ಅಂಗಡಿ ಐತೆ, ವಾರಕ್ಕೆ ಆರು ದಿನ ಪೈಪು ನಲ್ಲಿ ಮಾರ್ತೀನಿ, ವರ್ಷಕ್ಕೆ ಎರಡು ಸಲ ಅಂಗಡಿ ತಮ್ಮನ ಕೈಗೆ ಕೊಟ್ಟು ಕೊಯಮತ್ತೂರಿಗೆ ಹೋಗಿ ಕರಿ ಮೋಟಾರ್ ಸ್ಪೀಡ್‌ವೇಲಿ ಗಾಡಿ ಓಡಿಸ್ಕೊಂಡು ಬರ್ತೀನಿ. ಟ್ರ್ಯಾಕ್ ಡೇ ಅಂದ್ರೆ ರೇಸ್ ಅಲ್ಲ, ದುಡ್ಡು ಕಟ್ಟಿ ನಮ್ ಗಾಡೀನೇ ಟ್ರ್ಯಾಕ್ ಒಳಗೆ ಬಿಡೋದು, ಯಾರೂ ಫಸ್ಟು ಸೆಕೆಂಡು ಬರೋದಿಲ್ಲ, ಆದ್ರೆ ಎದುರಿಗೆ ಟ್ರ್ಯಾಕ್ಟರ್ ಬರಲ್ಲ, ರೋಡಲ್ಲಿ ಮೆಕ್ಕೆಜೋಳ ಒಣಗ್ಹಾಕಿರಲ್ಲ, ಹಂಪ್ ಇರಲ್ಲ, ಅದೇ ಸ್ವರ್ಗ. ನಮ್ಮಮ್ಮ ಮಾತ್ರ "ಆರ್ನೂರು ಕಿಲೋಮೀಟ್ರು ಹೋಗಿ ಸುತ್ತಿದ ಜಾಗಾನೇ ಸುತ್ತಿ ಬರ್ತೀಯಲ್ಲೋ" ಅಂತಾಳೆ. ಅದಕ್ಕೆ ನನ್ ಹತ್ರ ಇನ್ನೂ ಉತ್ತರ ಇಲ್ಲ.

ಗಾಡಿ ನೋಡಿದೋರೆಲ್ಲ ಕೇಳೋದು ಒಂದೇ, "ಎಷ್ಟಣ್ಣಾ ಬಿಎಚ್‌ಪಿ?" ಇಂಜಿನ್ನಿನ ಶಕ್ತಿಯ ಲೆಕ್ಕ ಅದು, ಆಮೇಲೆ ಬರ್ಲಿ. ಮೊದ್ಲು ಲೆಕ್ಕ ಹಾಕ್ಬೇಕಾಗಿರೋದು, ಭಾನುವಾರ ಅಲ್ಲಿ ಏನಾದ್ರೂ ಮುರಿದ್ರೆ ಸೋಮವಾರ ನಮ್ಮೂರ ಪಿ.ಬಿ. ರೋಡಲ್ಲಿ ಆ ಸಾಮಾನು ಸಿಗ್ತೈತಾ ಇಲ್ವಾ ಅನ್ನೋದು. ಬೆಂಗಳೂರೋರಿಗೆ ಈ ಚಿಂತೆ ಇಲ್ಲ, ನಮಗೈತೆ. ಇನ್ನೊಂದು, ನಾವು ಗಾಡೀನ ಲಾರಿ ಮೇಲೆ ಹೇರ್ಕೊಂಡು ಹೋಗೋ ಪಾರ್ಟಿ ಅಲ್ಲ, ಇಲ್ಲಿಂದ ಬೆಂಗಳೂರು 260, ಅಲ್ಲಿಂದ ಹೊಸೂರು ಸೇಲಂ ಮೇಲೆ ಕೊಯಮತ್ತೂರು ಇನ್ನೊಂದು 360, ಹೋಗೋದೂ ಅದೇ ಗಾಡೀಲಿ, ಟ್ರ್ಯಾಕಲ್ಲಿ ಅದರ ಪ್ರಾಣ ತೆಗೆದು ವಾಪಸ್ ಬರೋದೂ ಅದೇ ಗಾಡೀಲಿ. ಹಂಗಾಗಿ ನಂಗೆ ಬೇಕಾಗಿದ್ದು ಹಗುರ ಇರೋ, ಬಿಸಿಗೆ ಜಗ್ಗದ, ಯಾವ ಮೆಕಾನಿಕ್ ಆದ್ರೂ ಕಣ್ಮುಚ್ಚಿ ಬಿಚ್ಚೋ ಗಾಡಿ.

ಮೊದ್ಲು ಒಂದು ಸೆಕೆಂಡ್‌ಹ್ಯಾಂಡ್ ಗಾಡಿ ಅಂಗಡಿಗೆ ಹೋಗಿದ್ದೆ, ಹೆಸರು ಬೇಡ. ಮೀಟರ್ ನೋಡಿದ್ರೆ 48 ಸಾವಿರ, ಬಾಡಿ ಕನ್ನಡಿ ಹಂಗೆ ಪಾಲಿಶ್ ಮಾಡಿ ನಿಲ್ಲಿಸಿದ್ರು. ನಾನು ಕೆಳಗೆ ಬಗ್ಗಿ ಕ್ಲಚ್ ಪೆಡಲ್ ರಬ್ಬರ್ ನೋಡಿದೆ, ಗೆರೆಗಳೆಲ್ಲ ಸವೆದು ಬಲಗಡೆ ಮೂಲೇಲಿ ಕಬ್ಬಿಣ ಕಾಣ್ತಿತ್ತು. 48 ಸಾವಿರಕ್ಕೆ ರಬ್ಬರ್ ಹಂಗೆ ಸವೆಯೋದಿಲ್ಲ ಸ್ವಾಮಿ. ಮೀಟರ್ ಹಿಂದಕ್ಕೆ ತಿರುಗಿಸಿದಾರೆ ಅನ್ನಿಸ್ತು, ಎದ್ದು ಬಂದೆ. ಆಮೇಲೆ ಹರಿಹರದಲ್ಲಿ ಒಬ್ರು ರಿಟೈರ್ಡ್ ಮೇಷ್ಟ್ರ ಹತ್ರ ಈ ಗಾಡಿ ಸಿಕ್ತು, ವಿಎಕ್ಸ್‌ಐ, 91 ಸಾವಿರ ಓಡಿತ್ತು, ಸರ್ವಿಸ್ ಬಿಲ್ಲೆಲ್ಲ ಫೈಲ್ ಮಾಡಿ ದಾರ ಕಟ್ಟಿಟ್ಟಿದ್ರು, ಒಂದು ಲಕ್ಷದ ಹದಿನೈದಕ್ಕೆ ಮುಗೀತು. ಯಾತಕ್ಕೆ ಅಂತ ಕೇಳಿದ್ರು, "ಓಡಾಡೋಕೆ ಸಾರ್" ಅಂದೆ. ಪೂರ್ತಿ ಸುಳ್ಳೇನಲ್ಲ.

ಈ ಸ್ವಿಫ್ಟ್ ಬಗ್ಗೆ ಗೊತ್ತಿಲ್ಲದೋರಿಗೆ: 2005ರಲ್ಲಿ ಬಂದಾಗ ಇದರಲ್ಲಿ ಇದ್ದದ್ದು 1298 ಸಿಸಿ ಪೆಟ್ರೋಲ್ ಇಂಜಿನ್ನು, 87 ಬಿಎಚ್‌ಪಿ, ಹಳೇ ಎಸ್ಟೀಮು ಜಿಪ್ಸಿ ಇಂಜಿನ್ನಿನ ವಂಶಾನೇ. 2010ರಲ್ಲಿ ಅದನ್ನ ತೆಗೆದು 1.2 ಕೆ ಸೀರೀಸ್ ಹಾಕಿದ್ರು, ಅದೂ 85, ಟೈಮಿಂಗ್ ಚೈನ್ ಇರೋದು, ಮೈಲೇಜ್ ಜಾಸ್ತಿ. ಎರಡರಲ್ಲಿ ಯಾವುದಾದ್ರೂ ನಡೆಯುತ್ತೆ, ನಂಗೆ ಹಳೇ 1298 ಸಿಸಿದು, ಅಂದ್ರೆ 1.3, ಇಷ್ಟ ಯಾಕಂದ್ರೆ ನಮ್ ಮೆಕಾನಿಕ್ ಭಾಯ್ ಆ ಇಂಜಿನ್ನಿನ ಜೊತೇನೇ ಬೆಳೆದೋರು, ಬಾನೆಟ್ ಎತ್ತೋಕ್ ಮುಂಚೆ ಸೌಂಡ್ ಕೇಳಿ ಏನು ಕಾಯಿಲೆ ಅಂತ ಹೇಳ್ತಾರೆ. ಅದರಲ್ಲಿ ಟೈಮಿಂಗ್ ಬೆಲ್ಟ್ ಬರುತ್ತೆ, ಹಳೇ ಗಾಡಿ ತಗೊಂಡ್ರೆ ಬೆಲ್ಟು, ವಾಟರ್ ಪಂಪು, ಥರ್ಮೋಸ್ಟಾಟು ಮೂರನ್ನೂ ಒಂದೇ ಸಲ ಬದಲಾಯಿಸ್ಬಿಡಿ, ಯಾರು ಏನೇ ಹೇಳ್ಲಿ. ತೂಕ ಸಾವಿರ ಕೆಜಿ ಆಸುಪಾಸು ಅಷ್ಟೇ, ಅದೇ ಇದರ ಅಸಲಿ ಬಂಡವಾಳ. ಈಗಿನ ಎಸ್‌ಯುವಿಗಳು ಟ್ರ್ಯಾಕಿಗೆ ಬಂದು ಸೀದಾ ರೋಡಲ್ಲಿ ನನ್ನ ದಾಟ್ಕೊಂಡು ಹೋಗ್ತವೆ, ಎರಡು ತಿರುವು ಆದ್ಮೇಲೆ ನೋಡಿದ್ರೆ ಅದೇ ಗಾಡಿ ಬಂಪರ್ ನನ್ ಕಣ್ಮುಂದೆ. ಭಾರ ಇದ್ರೆ ಟೈರೂ ತಿನ್ನುತ್ತೆ, ಬ್ರೇಕೂ ತಿನ್ನುತ್ತೆ, ನಮ್ ಜೇಬೂ ತಿನ್ನುತ್ತೆ.

ಅಂದಹಾಗೆ ಹಳೇ ಮಾರುತಿ ತಗೊಂಡು ಕರಿ ಟ್ರ್ಯಾಕಿಗೆ ಹೋಗೋಕೆ ನಾಚ್ಕೆನೇ ಬೇಡ. 2003ರಲ್ಲಿ ಶುರುವಾದ ಆ ಟ್ರ್ಯಾಕಿಗೆ ಹೆಸರು ಬಂದಿರೋದೇ ಎಸ್. ಕರಿವರ್ಧನ್ ಅವರಿಂದ, ಅವರು ಮಾರುತಿ 800 ಇಂಜಿನ್ ಹಾಕಿ ಫಾರ್ಮುಲಾ ಮಾರುತಿ ಅಂತ ಒಂಟಿ ಸೀಟಿನ ರೇಸ್ ಗಾಡಿ ಮಾಡಿದೋರು. ಮುಂದೆ ಫಾರ್ಮುಲಾ ಒನ್‌ವರೆಗೂ ಹೋದ ನಾರಾಯಣ್ ಕಾರ್ತಿಕೇಯನ್ ಕೂಡ ರೇಸಿಂಗ್ ಶುರು ಮಾಡಿದ್ದು ಅದೇ ಫಾರ್ಮುಲಾ ಮಾರುತಿಯಲ್ಲಿ.

ಈಗ ಬ್ರೇಕಿನ ಕಥೆ. ಮೊದಲ್ನೇ ಸಲ ಹೋದಾಗ ನಾನು ಆಯಿಲ್ ಬದಲಾಯಿಸಿದ್ದೆ, ಕೂಲೆಂಟ್ ಹಾಕ್ಸಿದ್ದೆ, ಅಲೈನ್‌ಮೆಂಟ್ ಮಾಡ್ಸಿದ್ದೆ, ಗಾಡಿ ತೊಳ್ಸಿದ್ದೆ ಕೂಡ. ಬ್ರೇಕ್ ಆಯಿಲ್ ಮಾತ್ರ ಮುಟ್ಟಿರ್ಲಿಲ್ಲ, ಡಬ್ಬಿ ತುಂಬ ಇತ್ತಲ್ಲ ಅಂತ. ಎರಡನೇ ಸೆಷನ್ನು, ಅಂದ್ರೆ ಟ್ರ್ಯಾಕ್ ಒಳಗೆ ಬಿಡೋ ಎರಡನೇ ಸರದಿ, ನಾಲ್ಕನೇ ಲ್ಯಾಪು ಅಂದ್ರೆ ಸುತ್ತು, ಸೀದಾ ರೋಡಿನ ಕೊನೇಲಿ ಬ್ರೇಕ್ ತುಳಿದ್ರೆ ಪೆಡಲ್ಲು ಹಸಿ ಹಿಟ್ಟಿನ ಮೇಲೆ ಕಾಲಿಟ್ಟಂಗೆ ಮೆತ್ತಗೆ ಕೆಳಗೆ ಹೋಯ್ತು. ಗಾಡಿ ನಿಲ್ತಿಲ್ಲ. ಎರಡು ಮೂರು ಸಲ ಪಟಪಟ ಅಂತ ಪಂಪ್ ಮಾಡಿ, ಮೂರಕ್ಕೆ ಎರಡಕ್ಕೆ ಗೇರ್ ಇಳಿಸಿ, ಪಕ್ಕದ ಮಣ್ಣಿಗೆ ಹೋಗಿ ನಿಂತೆ. ಮೀಟರ್ ಬೋರ್ಡ್ ಮೇಲೆಲ್ಲ ಕೆಂಪು ಧೂಳು. ಟ್ರ್ಯಾಕ್ ಕಾಯೋ ಮಾರ್ಷಲ್ ಓಡಿ ಬಂದು ತಮಿಳಲ್ಲಿ ಏನೋ ಕೇಳ್ದ, ನಂಗೆ ಕನ್ನಡಾನೂ ಬರ್ಲಿಲ್ಲ ಆವಾಗ.

ಆಗಿದ್ದೇನು ಅಂದ್ರೆ ಬ್ರೇಕ್ ಆಯಿಲ್ ಕುದ್ದಿತ್ತು. ಅದಕ್ಕೆ ಗಾಳೀಲಿರೋ ತೇವ ಎಳ್ಕೊಳೋ ಗುಣ ಐತೆ, ಹೊಸ ಡಾಟ್ 3 ಗ್ರೇಡ್ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಬಾರ್ದು ಅಂತ ಸ್ಟ್ಯಾಂಡರ್ಡ್, ನೀರು ಸೇರ್ಕೊಂಡ್ ಮೇಲೆ ಅದೇ 140ಕ್ಕೆ ಇಳಿಯುತ್ತೆ. ಕುದ್ರೆ ಪೈಪ್ ಒಳಗೆ ಹಬೆ ಆಗುತ್ತೆ, ನಾವು ತುಳಿಯೋದು ಬರೀ ಹಬೇನ, ಪ್ಯಾಡಿಗೆ ಒತ್ತಡಾನೇ ಹೋಗಲ್ಲ. ಊರಲ್ಲಿ 40ರಲ್ಲಿ ನಿಲ್ಲಿಸೋದಕ್ಕೂ 120ರಲ್ಲಿ ನಿಲ್ಲಿಸೋದಕ್ಕೂ ಸ್ಪೀಡು ಮೂರು ಪಟ್ಟು ಅಷ್ಟೇ, ಆದ್ರೆ ಬ್ರೇಕ್ ನುಂಗ್ಬೇಕಾದ ಬಿಸಿ 9 ಪಟ್ಟು. ಇದರಲ್ಲಿ ಗಾಡಿ ತಪ್ಪೇನೂ ಇಲ್ಲ, ನನ್ನ ಸೋಮಾರಿತನ. ಈಗ ಪ್ರತಿ ಸಲ ಹೋಗೋಕ್ ಮುಂಚೆ ಹಳೇದನ್ನ ಪೂರ್ತಿ ತೆಗೆಸಿ ಡಾಟ್ 4 ಹಾಕ್ಸಿ ನಾಲ್ಕೂ ಚಕ್ರದ ಬ್ರೇಕ್ ಪೈಪಿಂದ ಏರ್ ತೆಗೆಸ್ತೀನಿ, ಅದು ಹೊಸದರಲ್ಲಿ 230ವರೆಗೆ ತಡ್ಕೊಳುತ್ತೆ, ಮುಂದಿನ ಪ್ಯಾಡು ಅರ್ಧಕ್ಕಿಂತ ಕಮ್ಮಿ ಇದ್ರೆ ಹೊಸದು. ಸೆಷನ್ನಿನ ಕೊನೇ ಲ್ಯಾಪು ಬ್ರೇಕ್ ಮುಟ್ಟದಂಗೆ ನಿಧಾನಕ್ಕೆ ಬರೋದು, ಪಾರ್ಕಿಂಗಲ್ಲಿ ಹ್ಯಾಂಡ್ ಬ್ರೇಕ್ ಎಳೀಬಾರ್ದು, ಗೇರಲ್ಲಿ ನಿಲ್ಲಿಸಿ ಚಕ್ರಕ್ಕೊಂದು ಕಲ್ಲು ಕೊಡಿ. ಇಷ್ಟು ಮಾಡಿದ್ ಮೇಲೆ ಒಂದು ಸಲಾನೂ ಪೆಡಲ್ ಕೈ ಕೊಟ್ಟಿಲ್ಲ. ಇಷ್ಟಕ್ಕೂ ಖರ್ಚು ಒಂದು ಸಂಸಾರ ಹೋಟೆಲಲ್ಲಿ ಊಟ ಮಾಡಿದಷ್ಟು.

ಟೈರು 185/70 ಆರ್14, ಮಾಮೂಲಿ ರೋಡ್ ಟೈರೇ. ಬೆಳಿಗ್ಗೆ ಗಾಳಿ 30 ಪಿಎಸ್‌ಐ ಇಟ್ಕೊಂಡು ಹೋಗಿದ್ದೆ, ನಾಲ್ಕೈದು ಲ್ಯಾಪ್ ಆಗಿ ಬಂದು ಗೇಜ್ ಹಿಡಿದ್ರೆ ಮುಂದಿನವು 36 ತೋರಿಸ್ತು. ಹಂಗಾಗಿ ಗೇಜು ಜೊತೇಲಿಟ್ಕೊಂಡು ಬಿಸಿ ಇದ್ದಾಗ್ಲೇ ಗಾಳಿ ಇಳಿಸ್ಬೇಕು, ವಾಪಸ್ ಊರಿಗೆ ಹೊರಡೋಕ್ ಮುಂಚೆ ಮತ್ತೆ ತುಂಬಿಸ್ಬೇಕು, ಮರೀಬೇಡಿ. ಇಂಜಿನ್ ಆಯಿಲ್ ಡಿಪ್‌ಸ್ಟಿಕ್ಕಲ್ಲಿ ಮೇಲಿನ ಗೆರೆಗೆ ಇರ್ಲಿ, ಉದ್ದ ತಿರುವಲ್ಲಿ ಆಯಿಲ್ ಒಂದ್ ಕಡೆ ಸರಿದು ಪಂಪು ಗಾಳಿ ಎಳ್ಕೊಂಡ್ರೆ ಬೇರಿಂಗ್ ಹೋಯ್ತು ಅಂತಾನೇ ಲೆಕ್ಕ. ವ್ಹೀಲ್ ನಟ್ಟು ಪ್ರತಿ ಸೆಷನ್ನಿಗೂ ಒಂದ್ಸಲ ಚೆಕ್ ಮಾಡಿ.

ಸ್ವಿಫ್ಟೇ ಬೇಕು ಅಂತ ಹಟ ಇಲ್ಲ. ಎಸ್ಟೀಮ್ ಚೆನ್ನಾಗಿರೋದು ಸಿಕ್ಕಿದ್ರೆ ಇನ್ನೂ ಹಗುರ, ಆದ್ರೆ ತುಕ್ಕಿಲ್ಲದ್ದು ಹುಡುಕೋದು ಕಷ್ಟ. ಹೋಂಡಾ ಸಿಟಿ ಹಳೇ ವಿಟೆಕ್ಕು, 1.5, ಸುಮಾರು 106 ಬಿಎಚ್‌ಪಿ, ಆ ಇಂಜಿನ್ನು ಮೇಲಕ್ಕೆ ಹೋದಂಗೆ ಹಾಡ್ತದೆ, ನಂಗೂ ಆಸೆ ಐತೆ, ಆದ್ರೆ ಒಳ್ಳೇದು ಇಟ್ಕೊಂಡೋರು ಬಿಡಲ್ಲ, ಬಿಡೋರ ಹತ್ರ ಒಳ್ಳೇದಿಲ್ಲ. ಫೋರ್ಡ್ ಫಿಯೆಸ್ಟಾ 1.6 ತಿರುವಲ್ಲಿ ಸ್ವಿಫ್ಟಿಗಿಂತ ಒಂದು ಕೈ ಮೇಲೆ, ಇದು ನನ್ನ ಅಭಿಪ್ರಾಯ, ಕಂಪನಿ 2021ರಲ್ಲಿ ಇಲ್ಲಿ ಗಾಡಿ ಮಾಡೋದು ನಿಲ್ಲಿಸ್ತೀವಿ ಅಂದ್ಮೇಲೆ ನಮ್ಮೂರಲ್ಲಿ ಕೂತು ಅದನ್ನ ಟ್ರ್ಯಾಕಿಗೆ ಬಿಡೋ ಧೈರ್ಯ ನಂಗಿಲ್ಲ. ಬಜೆಟ್ ಜಾಸ್ತಿ ಇದ್ರೆ ಬಲೆನೋ ಆರ್‌ಎಸ್ ನೋಡಿ, 1 ಲೀಟರ್ ಟರ್ಬೊ, ಹಿಂದೇನೂ ಡಿಸ್ಕ್ ಬ್ರೇಕು, ಸಾಮಾನೂ ಮಾರುತಿದೇ. ಆಟೋಮ್ಯಾಟಿಕ್ ಮಾತ್ರ ಬೇಡವೇ ಬೇಡ, ನಮ್ ಜೊತೆ ಬಂದಿದ್ದ ಶಿವಮೊಗ್ಗದ ಹುಡುಗನ ಗಾಡಿ ಮೂರನೇ ಸೆಷನ್ನಲ್ಲಿ ಗೇರ್‌ಬಾಕ್ಸ್ ಬಿಸಿ ಆಗೈತೆ ಅಂತ ಲೈಟ್ ಹಾಕ್ಕೊಂಡು ಕೂತ್ಬಿಡ್ತು, ಪಾಪ ಮಧ್ಯಾಹ್ನವೆಲ್ಲ ನಮ್ದು ನೋಡ್ಕೊಂಡು ಮೊಸರನ್ನ ತಿಂದ.

ಕಾಗದಪತ್ರದ ವಿಷ್ಯ. 15 ವರ್ಷ ದಾಟಿದ ಗಾಡಿಗೆ ಆರ್‌ಸಿ ರಿನ್ಯೂ ಮಾಡಿಸ್ಬೇಕು, ನಂದಕ್ಕೆ ಫೀಸೇ 5000 ಆಯ್ತು, ಗ್ರೀನ್ ಟ್ಯಾಕ್ಸ್ ಬೇರೆ, ಗಾಡಿ ರೇಟ್ ಮಾತಾಡೋವಾಗ ಇದನ್ನ ಹಿಡ್ಕೊಂಡು ಚೌಕಾಸಿ ಮಾಡಿ. ಇನ್ಶೂರೆನ್ಸ್ ಪಾಲಿಸೀಲಿ ರೇಸು, ಸ್ಪೀಡ್ ಟೆಸ್ಟಿಂಗು ಇಂಥದ್ದಕ್ಕೆಲ್ಲ ಕವರ್ ಇಲ್ಲ ಅಂತ ಬರೆದೇ ಇರುತ್ತೆ, ಅಂದ್ರೆ ಗೋಡೆಗೆ ಗುದ್ದಿದ್ರೆ ಗೋವಿಂದ. ಅದಕ್ಕೇ ಹೇಳೋದು, ಹೋದ್ರೆ ಹೋಯ್ತು ಅನ್ನೋ ರೇಟಿನ ಗಾಡೀನೇ ತಗೊಳ್ಳಿ, ಇಎಂಐ ಇರೋ ಗಾಡೀನ ಒಳಗೆ ಬಿಡ್ಬೇಡಿ. ಹೆಲ್ಮೆಟ್ ಮಾತ್ರ ಒಳ್ಳೇದು ತಗೊಳ್ಳಿ, ತುಂಬು ತೋಳಿನ ಕಾಟನ್ ಶರ್ಟು, ತೆಳ್ಳಗಿನ ತಳದ ಶೂಸು.

ಗಾಡೀಲಿ ಹುಳುಕಿಲ್ವಾ ಅಂದ್ರೆ ಐತೆ. ಸೀಟು ಸೋಫಾ ಇದ್ದಂಗೆ, ತಿರುವಲ್ಲಿ ಜಾರ್ತಾ ಹೋಗ್ತೀರ, ನಾನು ಎಡ ಮೊಣಕಾಲನ್ನ ಡ್ಯಾಶ್‌ಬೋರ್ಡಿಗೆ ಒತ್ತಿ ಒತ್ತಿ ಅಲ್ಲೊಂದು ಹಸಿರು ಗಾಯ ಆಗಿತ್ತು. ಜೋರಾಗಿ ನುಗ್ಗಿದ್ರೆ ಮೂತಿ ಹೊರಕ್ಕೆ ಹೋಗುತ್ತೆ, ಗಾಬರಿ ಆಗಿ ಆಕ್ಸಿಲರೇಟರ್ ಪೂರ್ತಿ ಬಿಟ್ರೆ ಹಿಂದ್ಗಡೆ ಜಾರುತ್ತೆ, ಎರಡೂ ಒಂದ್ಸಲ ಆಗಿ ಕಲಿಯೋದೇ. ಹಿಂದಿನ ಕಿಟಕಿ ಪಕ್ಕದ ಕಂಬ ದಪ್ಪ, ಪಕ್ಕದಿಂದ ಯಾರು ಬರ್ತಿದಾರೆ ಕಾಣಲ್ಲ. ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂಗೆ ನೋಡ್ಕೊಳೋ ಎಬಿಎಸ್ ನನ್ ಗಾಡೀಲಿಲ್ಲ. ಒಂದು ಟ್ರಿಪ್ಪಿಗೆ ಪೆಟ್ರೋಲ್ಲೇ ನೂರು ಲೀಟರ್ ಮೇಲೆ ಕುಡಿಯುತ್ತೆ, ಹೋಗಿ ಬರೋದೂ ಸೇರಿ.

ಮೂರು ವರ್ಷ, ಆರು ಟ್ರ್ಯಾಕ್ ಡೇ, ಒಂದ್ಸಲಾನೂ ಟೋ ಮಾಡಿಸ್ಕೊಂಡು ಬಂದಿಲ್ಲ. ಹೋದ ತಿಂಗಳು ರಾತ್ರಿ ಎರಡು ಗಂಟೆಗೆ ಚಿತ್ರದುರ್ಗ ದಾಟೋವಾಗ ಎಡಗಡೆ ಮುಂದೆ ಟಕ್ ಟಕ್ ಅಂತ ಶುರುವಾಯ್ತು. ಬೆಳಿಗ್ಗೆ ಭಾಯ್ ಜಾಕ್ ಹಾಕಿ ಚಕ್ರ ಹಿಡಿದು ಅಲ್ಲಾಡಿಸಿ, "ಲೋವರ್ ಆರ್ಮ್ ಬುಷ್ ಹೋಗೈತೆ, ಎದುರಿನ ಅಂಗಡೀಲಿ ತಗೊಂಡ್ ಬಾ, ಜೋಡಿ ತಗೋ" ಅಂದ್ರು. ಚಹಾ ಆರೋಷ್ಟರಲ್ಲಿ ತಂದಿದ್ದೆ.